‘ಲವ್‌ಲೆಸ್’ ಹಾಡುಗಳನ್ನು ನುಡಿಸಲು ಕೂತಾಗ

1991ರ ನವೆಂಬರ್‌ನಲ್ಲಿ ಬಂದ ‘ಲವ್‌ಲೆಸ್’ ಆಲ್ಬಮ್ ಬಗ್ಗೆ ಮಾತು ಶುರುವಾದರೆ ಸಾಮಾನ್ಯವಾಗಿ ಎರಡು ಕಥೆ ಬರುತ್ತವೆ. ಮೈ ಬ್ಲಡಿ ವ್ಯಾಲೆಂಟೈನ್ ಎಂಬ ರಾಕ್ ಬ್ಯಾಂಡ್ ಇದನ್ನು ರೆಕಾರ್ಡ್ ಮಾಡಲು ಎರಡು ವರ್ಷಕ್ಕೂ ಜಾಸ್ತಿ ತೆಗೆದುಕೊಂಡಿತು, ಒಂದು ಸ್ಟುಡಿಯೋದಿಂದ ಇನ್ನೊಂದಕ್ಕೆ ಅಲೆಯುತ್ತಲೇ ಇತ್ತು ಅನ್ನೋದು ಒಂದು. ಆಲ್ಬಮ್ ಹೊರತಂದ ಕ್ರಿಯೇಷನ್ ರೆಕಾರ್ಡ್ಸ್ ಕಂಪನಿ ಖರ್ಚು ತಾಳಲಾರದೆ ಒದ್ದಾಡಿತು ಅನ್ನೋದು ಇನ್ನೊಂದು. ಕೇಳೋಕೆ ಎರಡೂ ಚೆನ್ನಾಗಿವೆ. ಆದರೆ ಇವತ್ತು ಇಪ್ಪತ್ತರ ಹುಡುಗ ಹುಡುಗಿಯರು ಹೆಡ್‌ಫೋನ್ ಹಾಕಿಕೊಂಡು ಈ ಆಲ್ಬಮ್‌ನಲ್ಲಿ ಮುಳುಗಿ ಹೋಗುತ್ತಿದ್ದಾರೆ ಅಂದರೆ ಅದಕ್ಕೆ ಖರ್ಚಿನ ಲೆಕ್ಕ ಕಾರಣ ಅಲ್ಲ. ಕಾರಣ ಏನು ಅಂತ ನನಗೆ ಗೊತ್ತಾಗಿದ್ದು ಗಿಟಾರ್ ಹಿಡಿದು ಈ ಹಾಡುಗಳನ್ನು ಒಂದೊಂದಾಗಿ ಕಲಿಯಲು ಕೂತಾಗ.

ಮೊದಲ ಸಲ ಕೇಳಿದವರಿಗೆ ಇದರಲ್ಲಿ ನೂರು ಗಿಟಾರ್ ಒಟ್ಟಿಗೆ ನುಡಿಯುತ್ತಿವೆ ಅನ್ನಿಸುತ್ತದೆ. ಹಾಗೇನಿಲ್ಲ. ಗಿಟಾರ್ ಪದರಗಳು ಜನ ಅಂದುಕೊಂಡಷ್ಟು ಇಲ್ಲವೇ ಇಲ್ಲ ಎಂದು ಬ್ಯಾಂಡ್‌ನ ಗಿಟಾರಿಸ್ಟ್ ಕೆವಿನ್ ಶೀಲ್ಡ್ಸ್ ಸಂದರ್ಶನಗಳಲ್ಲಿ ಹೇಳಿದ್ದಾರೆ. ಆ ದಟ್ಟ ಶಬ್ದದ ಬಹುಪಾಲು ಹುಟ್ಟುವುದು ಅವರ ಬಲಗೈಯಲ್ಲಿ. ಅವರ ಕೈಯಲ್ಲಿರುವುದು ಫೆಂಡರ್ ಜಾಝ್‌ಮಾಸ್ಟರ್ ಅಥವಾ ಜಾಗ್ವಾರ್. ಅದರ ಬ್ರಿಡ್ಜ್ (ತಂತಿಗಳನ್ನು ಕೆಳಗಡೆ ಹೊತ್ತು ನಿಲ್ಲುವ ಭಾಗ) ಹತ್ತಿರ ಒಂದು ಲೋಹದ ಕಡ್ಡಿ ಇರುತ್ತದೆ, ಟ್ರೆಮೊಲೊ ಆರ್ಮ್ ಅಂತಾರೆ. ಒತ್ತಿದರೆ ಶ್ರುತಿ ಇಳಿಯುತ್ತದೆ, ಎತ್ತಿದರೆ ಏರುತ್ತದೆ. ಉಳಿದ ಗಿಟಾರಿಸ್ಟ್‌ಗಳು ಅದನ್ನು ಆಗೊಮ್ಮೆ ಈಗೊಮ್ಮೆ ಮುಟ್ಟಿ ಬಿಡುತ್ತಾರೆ. ಶೀಲ್ಡ್ಸ್ ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಎಲ್ಲ ತಂತಿಗಳನ್ನು ಒಟ್ಟಿಗೆ ಮೀಟುತ್ತಾರೆ. ಹಾಗಾಗಿ ಪ್ರತಿ ಹೊಡೆತಕ್ಕೂ ಇಡೀ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಸ್ವಲ್ಪ ಇಳಿದು, ಮತ್ತೆ ಏರಿ, ತನ್ನ ಜಾಗ ಹುಡುಕುತ್ತಾ ಇರುತ್ತದೆ.

ನನ್ನ ಹತ್ತಿರ ಇದ್ದದ್ದು ಸ್ಟ್ರಾಟ್ (ಫೆಂಡರ್ ಸ್ಟ್ರಾಟೊಕಾಸ್ಟರ್) ಮಾದರಿಯ ಗಿಟಾರ್. ಅದರ ಆರ್ಮ್ ಗಟ್ಟಿ. ಹಿಂದಿನ ಮುಚ್ಚಳ ಬಿಚ್ಚಿ, ಐದು ಸ್ಪ್ರಿಂಗ್‌ಗಳಲ್ಲಿ ಎರಡನ್ನು ತೆಗೆದೆ. ಬ್ರಿಡ್ಜ್ ಮರಕ್ಕೆ ಅಂಟಿಕೊಂಡಿದ್ದರೆ ಶ್ರುತಿ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಅದಕ್ಕೆ ಸ್ಕ್ರೂ ಸಡಿಲಿಸಿ ಒಂಚೂರು ಮೇಲೆದ್ದು ನಿಲ್ಲುವಂತೆ ಮಾಡಿದೆ. ಆಮೇಲೆ ಟ್ಯೂನಿಂಗ್‌ಗೆ ತಾಳ್ಮೆ ಬೇಕು. ಒಂದು ತಂತಿ ಬಿಗಿ ಮಾಡಿದರೆ ಉಳಿದ ಐದೂ ಇಳಿಯುತ್ತವೆ, ಸುತ್ತು ಹಾಕಿ ಹಾಕಿ ಸರಿ ಮಾಡಬೇಕು. ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿ, ಅಂದರೆ ನಟ್‌ನ ಸೀಳುಗಳಿಗೆ ಪೆನ್ಸಿಲ್ ಸೀಸ ಉಜ್ಜಿದರೆ ತಂತಿ ಸಿಕ್ಕಿಕೊಳ್ಳದೆ ಜಾರುತ್ತದೆ. ಸಣ್ಣ ತಂತಿ ಬಿಟ್ಟು ಸ್ವಲ್ಪ ದಪ್ಪದ್ದು ಹಾಕಿದ್ದೂ ಸಹಾಯ ಮಾಡಿತು.

ಕೈ ಇಡುವ ಬಗೆ ಹೀಗೆ. ಹೆಬ್ಬೆರಳು ತೋರುಬೆರಳಿನ ನಡುವೆ ಪಿಕ್, ಅಂದರೆ ತಂತಿ ಮೀಟುವ ಬಿಲ್ಲೆ. ಉಳಿದ ಮೂರು ಬೆರಳು ಆರ್ಮ್ ಸುತ್ತ, ಸಡಿಲವಾಗಿ. ಬೇಕಂತಲೇ ಅಲ್ಲಾಡಿಸಬಾರದು. ಮಣಿಕಟ್ಟು ಮೇಲೆ ಕೆಳಗೆ ಹೋಗುವಾಗ ಆರ್ಮ್ ತಾನಾಗಿ ಜೊತೆಗೆ ಹೋಗಬೇಕು. ಶ್ರುತಿ ಇಳಿಯುವುದು ಅರ್ಧ ಸ್ವರಕ್ಕಿಂತಲೂ ಕಡಿಮೆ ಇದ್ದರೆ ಸಾಕು. ಜಾಸ್ತಿಯಾದರೆ ತಮಾಷೆಯ ಶಬ್ದ ಬರುತ್ತದೆ, ಹಾಡಿನ ಗಾಂಭೀರ್ಯ ಹೋಗಿಬಿಡುತ್ತದೆ.

ನಾನು ಚಿಕ್ಕಂದಿನಲ್ಲಿ ವೀಣೆ ಕಲಿತವನು. ಅಲ್ಲಿ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುತ್ತೇವೆ. ಬಾಗುವುದು ಒಂದೇ ಸ್ವರ. ಇಲ್ಲಿ ಆರೂ ತಂತಿ ಒಟ್ಟಿಗೆ ಬಾಗುತ್ತವೆ. ಅದಕ್ಕಿಂತ ಮುಖ್ಯವಾದ ಸಂಗತಿ ಏನಂದರೆ ಎಲ್ಲವೂ ಒಂದೇ ಅಳತೆಯಲ್ಲಿ ಬಾಗುವುದಿಲ್ಲ. ದಪ್ಪ ತಂತಿ ಒಂದಷ್ಟು, ಸಣ್ಣದು ಇನ್ನೊಂದಷ್ಟು. ಅಂದರೆ ಕಾರ್ಡ್ ಒಳಗಿನ ಸ್ವರಗಳ ನಡುವಿನ ದೂರವೇ ಕ್ಷಣಕ್ಷಣಕ್ಕೆ ಬದಲಾಗುತ್ತಾ ಇರುತ್ತದೆ. ಇದನ್ನು ಕಿವಿಯಿಂದ ಹಿಡಿಯಲು ನಾನು ಎರಡು ತಂತಿಗಳನ್ನು ಒಂದೇ ಸ್ವರಕ್ಕೆ ಟ್ಯೂನ್ ಮಾಡಿ, ಡಿಸ್ಟಾರ್ಶನ್ (ಶಬ್ದವನ್ನು ಒರಟಾಗಿಸುವ ಎಫೆಕ್ಟ್) ಹಾಕಿ, ಆರ್ಮ್ ಮೆಲ್ಲಗೆ ಒತ್ತಿದೆ. ಒಂದಾಗಿದ್ದ ಶಬ್ದ ಬಿಡಿಸಿಕೊಂಡು ‘ವಂವಂವಂ’ ಎಂದು ಅಲೆಯಾಯಿತು. ಒತ್ತಿದಷ್ಟೂ ಅಲೆ ಬೇಗ, ಬಿಟ್ಟರೆ ನಿಧಾನ. ಒಂದೇ ಗಿಟಾರ್, ಒಂದೇ ಹೊಡೆತ, ಆದರೆ ಕೇಳುವವರಿಗೆ ಹತ್ತು ಗಿಟಾರ್! ಯಾವ ಎರಡು ಹೊಡೆತವೂ ಒಂದೇ ಥರ ಇರುವುದಿಲ್ಲ. ಅದಕ್ಕೇ ಈ ಆಲ್ಬಮ್ ಎಷ್ಟು ಸಲ ಕೇಳಿದರೂ ಸವೆಯುವುದಿಲ್ಲ. ನಾನು ಇದನ್ನು ಗಟ್ಟಿಯಾಗಿ ನಂಬುತ್ತೇನೆ.

ಇದರ ಜೊತೆಗೆ ಶೀಲ್ಡ್ಸ್ ಯಮಾಹಾ ಎಸ್‌ಪಿಎಕ್ಸ್90 ಎಂಬ ಯಂತ್ರದ ರಿವರ್ಸ್ ರಿವರ್ಬ್ ಬಳಸಿದರು. ರಿವರ್ಬ್ ಅಂದರೆ ಶಬ್ದಕ್ಕೆ ಪ್ರತಿಧ್ವನಿಯ ಗುಂಗು ಸೇರಿಸುವುದು. ಮಾಮೂಲಿ ರಿವರ್ಬ್‌ನಲ್ಲಿ ಶಬ್ದ ಮೊದಲು ದೊಡ್ಡದಾಗಿ ಬಂದು ಆಮೇಲೆ ಕರಗುತ್ತದೆ. ಇದರಲ್ಲಿ ಉಲ್ಟಾ, ಮೆಲ್ಲಗೆ ಶುರುವಾಗಿ ಉಬ್ಬುತ್ತದೆ. ಪಿಕ್ ತಂತಿಗೆ ತಗುಲಿದ ‘ಟಕ್’ ಕೇಳಿಸುವುದೇ ಇಲ್ಲ. ನಾನು ಕಾಲಲ್ಲಿ ಒತ್ತುವ ಒಂದು ಸಾಧಾರಣ ರಿವರ್ಬ್ ಪೆಡಲ್‌ನಲ್ಲೇ ರಿವರ್ಸ್ ಸೆಟ್ಟಿಂಗ್ ಇಟ್ಟು, ಮೂಲ ಶಬ್ದವನ್ನು ಪೂರ್ತಿ ಬಂದ್ ಮಾಡಿ, ಗಿಟಾರಿನ ಟೋನ್ ನಾಬ್ ಅರ್ಧಕ್ಕೆ ಇಳಿಸಿದೆ. ಸಾಕಷ್ಟು ಹತ್ತಿರ ಬಂತು.

ಡ್ರಮ್ಸ್ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಡ್ರಮ್ಮರ್ ಕೋಲ್ಮ್ ಒ ಕೀಸೋಗ್ ಆ ಕಾಲದಲ್ಲಿ ಕಾಯಿಲೆ ಬಿದ್ದಿದ್ದರು. ಹಾಗಾಗಿ ಹೆಚ್ಚಿನ ಹಾಡುಗಳಲ್ಲಿ ಅವರೇ ನುಡಿಸಿದ ತುಣುಕುಗಳನ್ನು ಸ್ಯಾಂಪಲ್ ಮಾಡಿ, ಅಂದರೆ ರೆಕಾರ್ಡಿಂಗ್‌ನಿಂದ ಕತ್ತರಿಸಿ, ಜೋಡಿಸಿದ್ದಾರೆ. ಅದರಿಂದ ತಾಳ ನೇರವಾಗಿ, ಅಲುಗದೆ ನಿಂತಿದೆ. ಕೆಳಗೆ ಹಾಗೆ ನಿಂತಿರುವುದರಿಂದಲೇ ಮೇಲೆ ಗಿಟಾರ್ ಅಷ್ಟು ತೇಲಬಹುದು. ನಾನೂ ಫೋನಿನಲ್ಲಿ ಒಂದು ಸಾದಾ ಡ್ರಮ್ ಲೂಪ್ ಹಾಕಿಕೊಂಡೇ ಅಭ್ಯಾಸ ಮಾಡುವುದು.

ಇನ್ನು ಹಾಡುವ ದನಿ. ಬ್ಯಾಂಡ್‌ನ ಗಾಯಕಿ ಬಿಲಿಂಡಾ ಬುಚರ್ ನಿದ್ದೆಯಿಂದ ಆಗತಾನೇ ಎದ್ದು ಹಾಡಿದ್ದು ಈ ಆಲ್ಬಮ್‌ನಲ್ಲಿ ಬೇಕಾದಷ್ಟಿದೆ. ದನಿಯನ್ನು ಮಿಕ್ಸ್‌ನಲ್ಲಿ ಮೇಲಕ್ಕೆ ತಂದಿಲ್ಲ, ಗಿಟಾರ್ ಒಳಗೇ ಬಿಟ್ಟಿದ್ದಾರೆ. ಮಾತು ಸ್ಪಷ್ಟವಾಗಿ ಕೇಳುವುದಿಲ್ಲ. ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ಇಂಗ್ಲಿಷ್ ರಾಕ್ ಹಾಡು ಅಂದರೆ ಯಾವಾಗಲೂ ಏನೋ ತಪ್ಪಿಸಿಕೊಂಡೆನೇನೋ ಎಂಬ ಅಳುಕು ಇರುತ್ತಿತ್ತು. ಇಲ್ಲಿ ಆ ಅಳುಕೇ ಇಲ್ಲ. ಇಂಗ್ಲಿಷ್ ಮನೆಮಾತಿನವರಿಗೂ ಇದರ ಸಾಲುಗಳು ಅರ್ಧಂಬರ್ಧ. ಎಲ್ಲರೂ ರಾಗ ಹಿಡಿದೇ ಒಳಗೆ ಹೋಗಬೇಕು, ಅಲ್ವಾ?

ಆ ರಾಗಗಳು ಎಷ್ಟು ಚೆನ್ನಾಗಿವೆ ಅನ್ನೋದಕ್ಕೆ ಒಂದು ಪರೀಕ್ಷೆ ಮಾಡಿ ನೋಡಿ. ‘ವೆನ್ ಯೂ ಸ್ಲೀಪ್’ ಹಾಡನ್ನು ಪೆಡಲ್ ಇಲ್ಲದೆ, ಆಂಪ್ (ಶಬ್ದ ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ) ಇಲ್ಲದೆ, ಸುಮ್ನೆ ಒಂದು ಅಕೂಸ್ಟಿಕ್ ಗಿಟಾರ್‌ನಲ್ಲಿ ನುಡಿಸಿ, ಗುನುಗಿ. ನಾನು ಹಾಗೆ ನುಡಿಸುತ್ತಿದ್ದಾಗ ಈ ಬ್ಯಾಂಡ್ ಹೆಸರೇ ಕೇಳದ ನನ್ನ ಅಕ್ಕ ಪಕ್ಕದ ಕೋಣೆಯಿಂದ “ಯಾವುದೋ ಅದು? ಇನ್ನೊಂದ್ಸಲ ನುಡ್ಸು” ಅಂದಳು. ಇದನ್ನು ಬರೀ ಶಬ್ದದ ಆಲ್ಬಮ್ ಅನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದು ಇದೇ ಕಾರಣಕ್ಕೆ.

ನನಗೆ ತುಂಬಾ ಖುಷಿ ಕೊಟ್ಟ ಪ್ರಯೋಗ ಮೊದಲ ಹಾಡು ‘ಓನ್ಲಿ ಶ್ಯಾಲೋ’ದ್ದು. ಅದರಲ್ಲಿ ಕಿರುಚುವಂತೆ ಬರುವ ಗಿಟಾರ್‌ಗೆ ಶೀಲ್ಡ್ಸ್ ಎರಡು ಆಂಪ್‌ಗಳನ್ನು ಎದುರುಬದುರು ಇಟ್ಟು, ಎರಡರ ಟ್ರೆಮೊಲೊ (ಆರ್ಮ್ ಅಲ್ಲ, ಶಬ್ದವನ್ನು ಜೋರು-ಮೆಲ್ಲ ಮಾಡುತ್ತಾ ಮಿಡಿಸುವ ಎಫೆಕ್ಟ್) ವೇಗವನ್ನೂ ಬೇರೆ ಬೇರೆ ಮಾಡಿ, ನಡುವೆ ಮೈಕ್ ಇಟ್ಟಿದ್ದರು. ಆಮೇಲೆ ಅದನ್ನು ತಿರುಗುಮುರುಗು ಮಾಡಿ ಸ್ಯಾಂಪ್ಲರ್‌ಗೆ ಹಾಕಿದರು. ನಾನು ಗೆಳೆಯನ ಆಂಪ್ ತಂದು, ಎರಡು ಪುಟ್ಟ ಆಂಪ್‌ಗಳನ್ನು ನೆಲದ ಮೇಲೆ ಮುಖಾಮುಖಿ ಕೂರಿಸಿದೆ. ಅಪಾರ್ಟ್‌ಮೆಂಟ್ ಆದ್ದರಿಂದ ದಪ್ಪ ರಜಾಯಿ ಮುಚ್ಚಿದೆ. ಎರಡು ಮಿಡಿತಗಳು ಒಮ್ಮೆ ಒಂದಾಗಿ, ಒಮ್ಮೆ ಬೇರೆಯಾಗಿ ಮೈಕ್‌ಗೆ ಬರುತ್ತಿದ್ದವು. ಕಂಪ್ಯೂಟರ್‌ನಲ್ಲಿ ಅದನ್ನು ಹಿಂದುಮುಂದು ಮಾಡಿ ಕೇಳಿದಾಗ ಆ ಕಿರುಚು ನನ್ನ ಕೋಣೆಯಲ್ಲೇ ಹುಟ್ಟಿತ್ತು. ಜೋರಾಗಿ ಕೇಳುವ ಆಸೆ ಆಗುತ್ತದೆ, ಆದರೆ ಕಿವಿ ಜೋಪಾನ. ಈ ಬ್ಯಾಂಡ್ ತನ್ನ ಕಾರ್ಯಕ್ರಮಗಳಲ್ಲಿ ಪ್ರೇಕ್ಷಕರಿಗೆ ಇಯರ್‌ಪ್ಲಗ್ ಹಂಚುತ್ತದೆ.

ಕಲಿಯುವ ಆಸೆ ಇದ್ದರೆ ‘ಸಮ್‌ಟೈಮ್ಸ್’ನಿಂದ ಶುರು ಮಾಡಿ. ಅದು ನಿಧಾನ, ತಾಳದ ಗಡಿಬಿಡಿ ಇಲ್ಲ, ಬಲಗೈಗೆ ಆರ್ಮ್ ಅಭ್ಯಾಸವಾಗಲು ಸಮಯ ಸಿಗುತ್ತದೆ. ನಾನೀಗ ಕೂತಿರುವುದು ‘ಟು ಹಿಯರ್ ನೋಸ್ ವೆನ್’ ಮೇಲೆ. ಅದರಲ್ಲಿ ಕಾರ್ಡ್ ಎಲ್ಲಿ ಬದಲಾಗುತ್ತದೆ ಎಂದು ಕಿವಿಗೆ ಇನ್ನೂ ಸಿಗುತ್ತಿಲ್ಲ. ಯಾರಾದರೂ ಅದನ್ನು ಪೂರ್ತಿ ನುಡಿಸಿದ್ದರೆ, ಯಾವ ಟ್ಯೂನಿಂಗ್ ಇಟ್ಟಿರಿ ಅಂತ ದಯವಿಟ್ಟು ತಿಳಿಸಿ.