ಹಂದಿ ವೀರ್ಯಾಣು ಬಲಿಯುವುದನ್ನು ಮೂರು ತುಂಡಿನಲ್ಲಿ ನೋಡುವ ಬಗೆ

ವೃಷಣದಿಂದ ಹೊರಬಿದ್ದ ಹಂದಿಯ ವೀರ್ಯಾಣುವಿಗೆ ಈಜು ಬರುವುದಿಲ್ಲ. ವೃಷಣಕ್ಕೆ ಅಂಟಿಕೊಂಡಿರುವ ಎಪಿಡಿಡಿಮಿಸ್ ಎಂಬ ಸುರುಳಿ ನಾಳದ ತಲೆ, ನಡು, ಬಾಲ ಎಂಬ ಮೂರು ಭಾಗ ದಾಟಲು ಸುಮಾರು 10 ದಿನ ಬೇಕು, ಬಲಿಯುವುದು ಅಲ್ಲೇ.

ಕಡಿದ ಗಂಡುಹಂದಿಯ ವೃಷಣವನ್ನು ಮೇಲಿನ ಪೊರೆ ಬಿಚ್ಚದೆ, ವೀರ್ಯನಾಳ ನಾಲ್ಕು ಬೆರಳು ಉಳಿಸಿ, ದಾರ ಕಟ್ಟಿ ತರುತ್ತೇನೆ. ಕುಮಟಾ ಕಡೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟಲು ಎರಡು ತಾಸು, ಥರ್ಮೊಕೋಲ್ ಪೆಟ್ಟಿಗೆ ಸಾಕು. ಐಸ್ ಪ್ಯಾಕ್ ನೇರ ತಾಗದಂತೆ ನಡುವೆ ದಪ್ಪ ಟವೆಲ್ ಇರಲಿ. ಸ್ಖಲನವಾದ ವೀರ್ಯ 15 ಡಿಗ್ರಿಗಿಂತ ಕೆಳಗೆ ಕೆಡುತ್ತದೆ. ಎಪಿಡಿಡಿಮಿಸ್ ಬಾಲದೊಳಗಿನದು ಅಷ್ಟು ನಾಜೂಕಲ್ಲ.

ದ್ರಾವಣ ಬಿಟಿಎಸ್, ಅಂದರೆ ಹಂದಿಯ ವೀರ್ಯ ತೆಳುಮಾಡಿ ಕಾಪಿಡುವ ದ್ರಾವಣ. ಲೀಟರ್ ಡಿಸ್ಟಿಲ್ಡ್ ನೀರಿಗೆ ಗ್ಲೂಕೋಸ್ 37 ಗ್ರಾಂ, ಸೋಡಿಯಂ ಸಿಟ್ರೇಟ್ 6, ಸೋಡಿಯಂ ಬೈಕಾರ್ಬನೇಟ್ 1.25, ಇಡಿಟಿಎ 1.25, ಪೊಟ್ಯಾಸಿಯಂ ಕ್ಲೋರೈಡ್ 0.75. ಕಲಸಿದ ಕೂಡಲೇ ಬಳಸಬೇಡಿ, ಪಿಎಚ್ ನಿಲ್ಲಲು ಒಂದು ತಾಸು ಬಿಡಿ.

ತಲೆ ಮತ್ತು ನಡುವಿನಿಂದ ಕಡಲೆಕಾಳಿನಷ್ಟು ತುಂಡು ತೆಗೆದು, 37 ಡಿಗ್ರಿಯ 2 ಮಿ.ಲೀ. ದ್ರಾವಣದಲ್ಲಿ ಕೊಚ್ಚಿ 10 ನಿಮಿಷ ಬಿಡುತ್ತೇನೆ. ಬಾಲಕ್ಕೆ ಮೊಂಡು ಸೂಜಿಯೇ ಒಳ್ಳೆಯದು: ವೀರ್ಯನಾಳದಿಂದ ಹಿಮ್ಮುಖವಾಗಿ ದ್ರಾವಣ ಬಿಟ್ಟರೆ ಹಾಲಿನಂಥದು ಹೊರಬರುತ್ತದೆ. 400 ಪಟ್ಟು ಹಿಗ್ಗಿಸುವ ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದಲ್ಲಿ, ತಲೆಯ ಭಾಗದ ವೀರ್ಯಾಣು ಹೆಚ್ಚುಕಡಿಮೆ ನಿಂತಲ್ಲೇ. ವೀರ್ಯಾಣುವಿನ ಕುತ್ತಿಗೆಯಲ್ಲಿ ಒಂದು ಹೊಳೆಯುವ ಹನಿ, ಬಲಿಯುವ ಮುನ್ನ ಉಳಿದ ಕೋಶರಸ. ನಡುವಿನಲ್ಲಿ ಸುತ್ತು ಹೊಡೆಯುವವು ಸಿಗುತ್ತವೆ, ಹನಿ ಕೆಳಕ್ಕೆ ಜಾರಿರುತ್ತದೆ. ಬಾಲದವು ದ್ರಾವಣ ತಾಗಿದ್ದೇ ತಡ, ನೇರ ಓಡುತ್ತವೆ.

ಎಡವುವುದು ಸಾಮಾನ್ಯವಾಗಿ ರಕ್ತದಿಂದ. ಕೆಂಪು ಕಣ ಹನಿಯಂತೆ ಕಂಡು ಎಣಿಕೆ ತಪ್ಪುತ್ತದೆ. ಗಾಜು ತಣ್ಣಗಿದ್ದರೆ ಓಟ ಮಂದ. ಪಿಪೆಟ್‌ನಲ್ಲಿ ನೀರಿನ ಪಸೆ ಉಳಿದಿದ್ದರೆ ವೀರ್ಯಾಣುವಿನ ಬಾಲ ಸುರುಳಿಯಾಗುತ್ತದೆ. ಮಳೆಗಾಲದ ಶಿರಸಿಯಲ್ಲಿ ಪಿಪೆಟ್ ಒಣಗುವುದೇ ಒಂದು ಕೆಲಸ.

ಈ ಬದಲಾವಣೆಯ ಹಿಂದೆ ನಾಳದ ಗೋಡೆ ಸುರಿಯುವ ಪ್ರೋಟೀನುಗಳಿವೆ. ತಲೆಯ ಕಡೆ ಕ್ಲಸ್ಟೆರಿನ್ ಹೇರಳ. ಎನ್‌ಪಿಸಿ2 ಕೊಲೆಸ್ಟರಾಲ್ ಹಿಡಿಯುವಂಥದು. ಬಾಲದತ್ತ ಹೋದಂತೆ ಲ್ಯಾಕ್ಟೋಫೆರಿನ್. ಸ್ಪರ್ಮಡೆಸಿನ್ ಎಂಬ ಪ್ರೋಟೀನುಗಳು ಬಹುಪಾಲು ಸ್ಖಲನದ ಹೊತ್ತಿಗೆ ವೀರ್ಯಕೋಶ ಎಂಬ ಗ್ರಂಥಿಯಿಂದ ಬಂದು ಮೆತ್ತುತ್ತವೆ. ಪ್ರೋಟೀನುಗಳನ್ನು ತೂಕದಂತೆ ಬೇರ್ಪಡಿಸಿ ನೋಡಲು ಜೆಲ್ ಓಡಿಸುವುದಾದರೆ ವೀರ್ಯಾಣುವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಳಕ್ಕಿಳಿಸಿ, ಮೇಲಿನ ತಿಳಿಗೆ ಪ್ರೋಟೀನ್ ಕಡಿಯುವ ಕಿಣ್ವಗಳನ್ನು ತಡೆಯುವ ಪ್ರೋಟಿಯೇಸ್ ತಡೆಗಾರ ಹಾಕಿ. 66 ಕಿಲೋಡಾಲ್ಟನ್ ಹತ್ತಿರ ದಪ್ಪ ಗೆರೆ ಬಂದರೆ ಮೊದಲು ರಕ್ತದ ಅಲ್ಬುಮಿನ್ ಬೆರೆತಿದೆಯೇ ಎಂದು ಅನುಮಾನಿಸುತ್ತೇನೆ.

ಸಾಕಿದ ಗಂಡಿನ ವೀರ್ಯದಲ್ಲೂ ಇದೇ ಹನಿ ಎಣಿಸುತ್ತೇನೆ. ಹನಿ ಉಳಿದವು 100ರಲ್ಲಿ 15 ದಾಟಿದರೆ ಆ ವೀರ್ಯ ಬಳಸುವುದಿಲ್ಲ. ಹಂದಿಯನ್ನು ತೀರಾ ಅಡಿಗಡಿಗೆ ಬಳಸಿದ್ದೋ, ಕರಾವಳಿಯ ಏಪ್ರಿಲ್-ಮೇ ಸೆಕೆಯೋ ನೋಡಬೇಕು. ಸೆಕೆಯ ಪೆಟ್ಟು ಕಾಣಲು ಎರಡು ವಾರವಾದರೂ ಬೇಕು.