ಅಪಾರ್ಟ್‌ಮೆಂಟ್ ಬೈಲಾ ಓದೋದು ಹೇಗೆ, ತಿದ್ದೋದು ಹೇಗೆ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಜಗಳ ಆಗೋದೆಲ್ಲ ಹೆಚ್ಚುಕಮ್ಮಿ ಪಾರ್ಕಿಂಗ್, ನಾಯಿ, ಬ್ಯಾಚುಲರ್ ಬಾಡಿಗೆದಾರರು, ಮೇಂಟೆನೆನ್ಸ್ ರೇಟು ಇವುಗಳ ಸುತ್ತಾನೇ. ಅಪಾರ್ಟ್‌ಮೆಂಟ್ ಓನರ್‌ಗಳ ಸಂಘದ ನಿಯಮಾವಳಿಗೇ ಬೈಲಾ ಅನ್ನೋದು. ಪ್ರತಿ ಸಲ ಒಬ್ರು "ಬೈಲಾದಲ್ಲಿ ಇದೆ" ಅಂತಾರೆ, ಇನ್ನೊಬ್ರು "ಎಲ್ಲಿದೆ ತೋರ್ಸಿ" ಅಂತಾರೆ, ತೋರ್ಸೋಕೆ ಯಾರ ಹತ್ರಾನೂ ಕಾಪಿ ಇರಲ್ಲ.

ಹಾಗಾಗಿ ಮೊದಲನೇ ಕೆಲಸ ಕಾಪಿ ಹುಡುಕೋದು. ಬೈಲಾ ಅನ್ನೋದು ಬಿಲ್ಡರ್ ಅಥವಾ ಓನರ್‌ಗಳು ರಿಜಿಸ್ಟರ್ ಮಾಡಿಸಿರೋ ಡೀಡ್ ಆಫ್ ಡಿಕ್ಲರೇಷನ್ (ಕಟ್ಟಡ, ಫ್ಲ್ಯಾಟುಗಳು, ಒಬ್ಬೊಬ್ಬರ ಪಾಲು ಇವನ್ನ ಬರೆದಿರೋ ಘೋಷಣಾ ಪತ್ರ) ಜತೆ ಲಗತ್ತಾಗಿರುತ್ತೆ. ಸಿಗದಿದ್ರೆ ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲ್‌ನಲ್ಲಿ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಗ್ರೂಪಲ್ಲಿ ಓಡಾಡೋ ವರ್ಡ್ ಫೈಲನ್ನ ಮಾತ್ರ ನಂಬಬೇಡಿ, ಅದು ಯಾವತ್ತಿನ ಡ್ರಾಫ್ಟೋ ಯಾರಿಗೂ ಗೊತ್ತಿರಲ್ಲ. ಇಲ್ಲಿ ಹೇಳ್ತಿರೋದೆಲ್ಲ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆ ಪ್ರಕಾರ ಇರೋ ಸಂಘಗಳಿಗೆ. ನಿಮ್ಮ ಸರ್ಟಿಫಿಕೇಟ್‌ನಲ್ಲಿ 1960ರ ಸಂಘಗಳ ನೋಂದಣಿ ಕಾಯ್ದೆ ಅಂತಿದ್ರೆ ದಾರಿ ಬೇರೆ, ಮೊದಲು ಒಬ್ಬ ವಕೀಲರ ಹತ್ರ ಕೂತು ಮಾತಾಡಿ.

ಎರಡನೇದು, ಯಾವುದು ಮೇಲೆ ಯಾವುದು ಕೆಳಗೆ ಅಂತ ತಿಳ್ಕೊಳ್ಳೋದು. ಎಲ್ಲಕ್ಕಿಂತ ಮೇಲೆ ಕಾಯ್ದೆ, ಆಮೇಲೆ ಡಿಕ್ಲರೇಷನ್, ಆಮೇಲೆ ಬೈಲಾ, ಕೊನೇಲಿ ಕಮಿಟಿ ಮಾಡೋ ಹೌಸ್ ರೂಲ್ಸ್. ಕೆಳಗಿನದ್ದು ಮೇಲಿನದ್ದಕ್ಕೆ ವಿರುದ್ಧ ಹೋಗೋ ಹಾಗಿಲ್ಲ. ಜಿಮ್ ಟೈಮಿಂಗ್ ಬದಲಾಯಿಸೋಕೆ ಕಮಿಟಿ ಸಾಕು, ಆದ್ರೆ ನೋಟಿಸ್ ಬೋರ್ಡಲ್ಲಿ ಒಂದು ಶೀಟ್ ಅಂಟಿಸಿ "ನಾಯಿ ಸಾಕೋ ಹಾಗಿಲ್ಲ" ಅಂದ್ಬಿಟ್ರೆ ಅದು ನಿಲ್ಲಲ್ಲ, ಬಹುಮತ ಇದ್ರೂ ಸಾಕುನಾಯಿ ನಿಷೇಧ ಮಾಡೋ ಹಾಗಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ.

ಮೂರನೇದು ಓದೋದು. ಕೋರಂ (ಸಭೆ ನಡೆಯೋಕೆ ಬೇಕಾದ ಕನಿಷ್ಠ ಹಾಜರಿ), ಪ್ರಾಕ್ಸಿ (ಬರಲಾಗದವರ ಪರ ಬೇರೆಯವರು ಮತ ಹಾಕೋದು), ಕಮಿಟಿ ಅವಧಿ, ಖರ್ಚು ಹಂಚೋ ರೀತಿ, ತಿದ್ದುಪಡಿ, ಈ ಐದು ಕಲಮುಗಳಿಗೆ ಗುರುತು ಹಾಕ್ಕೊಳ್ಳಿ. ಕಮಿಟಿಯಲ್ಲಿ ಕನಿಷ್ಠ ಮೂರನೇ ಒಂದು ಭಾಗದವರ ಅವಧಿ ಪ್ರತಿ ವರ್ಷ ಮುಗೀಬೇಕು ಅಂತ ಬೈಲಾದಲ್ಲಿ ಇರಲೇಬೇಕು, ಹಾಗಾಗಿ ಒಂದೇ ಗುಂಪು ಚುನಾವಣೆ ಇಲ್ದೆ ವರ್ಷಗಟ್ಟಲೆ ಕೂತಿದ್ರೆ ಬರವಣಿಗೆಯಲ್ಲಿ ಕೇಳಿ. ಇನ್ನು ಖರ್ಚು, ಕಾಯ್ದೆ ಪ್ರಕಾರ ಅದು ಹಂಚಿಕೆ ಆಗೋದು ಕಾಮನ್ ಏರಿಯಾದಲ್ಲಿ ನಿಮಗಿರೋ ಅವಿಭಾಜ್ಯ (ಬೇರೆ ಮಾಡಿ ಕೊಡಲಾಗದ) ಪಾಲಿನ ಶೇಕಡಾವಾರು ಪ್ರಕಾರ. "ನಾವು ಸ್ವಿಮ್ಮಿಂಗ್ ಪೂಲ್ ಬಳಸಲ್ಲ, ದುಡ್ಡು ಕೊಡಲ್ಲ" ಅನ್ನೋದಕ್ಕೂ ಅವಕಾಶ ಇಲ್ಲ.

ನಾಲ್ಕನೇದು ತಿದ್ದುಪಡಿ. ಎಲ್ರೂ ಎಡವೋದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ. ಸಾಮಾನ್ಯವಾಗಿ ಏನಾಗುತ್ತೆ ಅಂದ್ರೆ ವಾಟ್ಸಾಪಲ್ಲೋ ಗೇಟ್ ಆ್ಯಪಲ್ಲೋ ಒಂದು ಪೋಲ್ ಹಾಕ್ತಾರೆ, ಗಂಡ ಒಂದು ಹೆಂಡ್ತಿ ಒಂದು ಒತ್ತುತಾರೆ, ಗ್ರೂಪಲ್ಲಿರೋ ಬಾಡಿಗೆದಾರರೂ ಒತ್ತುತಾರೆ, ನಾಳೆಯಿಂದ ಹೊಸ ರೂಲು ಅಂತಾರೆ. ಇದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಕಾಯ್ದೆ ಬಹುಮತ ಅಂತ ಕರೆಯೋದು ತಲೆ ಎಣಿಕೆಯನ್ನಲ್ಲ, ಡಿಕ್ಲರೇಷನ್‌ನಲ್ಲಿ ಒಂದೊಂದು ಫ್ಲ್ಯಾಟಿಗೆ ಮತಕ್ಕೆ ಅಂತ ಕೊಟ್ಟಿರೋ ಶೇಕಡಾವಾರು ಕೂಡಿಸಿದಾಗ ಬರೋ 51 ಅಥವಾ ಹೆಚ್ಚು. ಬೈಲಾ ತಿದ್ದೋಕೆ ಎಷ್ಟು ಬೇಕು ಅನ್ನೋದನ್ನ ನಿಮ್ಮ ಬೈಲಾನೇ ಹೇಳಿರುತ್ತೆ, ಅದು ಇದಕ್ಕಿಂತ ಜಾಸ್ತಿ ಇರಬಹುದು, ಮೊದಲು ನೋಡ್ಕೊಳ್ಳಿ.

ಸರಿಯಾದ ಕ್ರಮ ಹೀಗಿರಲಿ. ಹಳೇ ಕಲಂ ಎಡಗಡೆ, ಹೊಸದು ಬಲಗಡೆ ಇಟ್ಟು ಟೈಪ್ ಮಾಡಿಸಿ, ಒಂದೊಂದಕ್ಕೂ ಕಾರಣ ಬರೀರಿ. ಸಭೆ ನೋಟಿಸ್‌ನಲ್ಲಿ "ಬೈಲಾ ತಿದ್ದುಪಡಿ ಚರ್ಚೆ" ಅಂತ ಒಂದು ಸಾಲು ಹಾಕಿ ಸುಮ್ಮನಾಗಬೇಡಿ, ಪೂರ್ತಿ ಪಠ್ಯ ಲಗತ್ತಿಸಿ, ಬೈಲಾ ಹೇಳಿದಷ್ಟು ದಿನ ಮುಂಚೆ, ಅದು ಹೇಳಿದ ರೀತೀಲೇ ತಲುಪಿಸಿ. ಫ್ಲ್ಯಾಟ್ ನಂಬರ್, ಓನರ್ ಹೆಸರು, ಶೇಕಡಾವಾರು ಈ ಮೂರೂ ಇರೋ ಹಾಜರಿ ಪಟ್ಟಿ ಮೊದಲೇ ರೆಡಿ ಮಾಡಿ ಬಾಗಿಲಲ್ಲೇ ಸಹಿ ತಗೊಳ್ಳಿ, ಜಂಟಿ ಓನರ್‌ಗಳಿದ್ರೆ ಆ ಫ್ಲ್ಯಾಟಿನ ಶೇಕಡಾವಾರು ಮತ ಒಂದೇ ಸಲ ಎಣಿಸಿ, ಪ್ರಾಕ್ಸಿ ಆದ್ರೆ ಪತ್ರ ಕೈಯಲ್ಲಿರಬೇಕು. ಮತ ಎಣಿಸಿದ್ದನ್ನ ಅಂಕಿ ಸಮೇತ ಮಿನಿಟ್ಸ್‌ನಲ್ಲಿ ಬರೀರಿ, ಚಪ್ಪಾಳೆ ತಟ್ಟಿ ಪಾಸ್ ಅನ್ನೋದು ಬೇಡವೇ ಬೇಡ.

ಅಷ್ಟಕ್ಕೇ ಮುಗೀಲಿಲ್ಲ. ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಬೈಲಾ ಬದಲಾವಣೆ ಸಿಂಧು ಆಗಬೇಕಂದ್ರೆ ಡಿಕ್ಲರೇಷನ್‌ಗೆ ತಿದ್ದುಪಡಿ ಬರೆದು ಅದನ್ನ ದಾಖಲು ಮಾಡಿಸಬೇಕು, ಅಂದ್ರೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಲೇಬೇಕು. ಸಂಘದ ಪರವಾಗಿ ಯಾರು ಸಹಿ ಹಾಕಬೇಕು ಅನ್ನೋದನ್ನೂ ಅದೇ ಸಭೆಯ ಠರಾವಲ್ಲಿ ಹೆಸರು ಸಮೇತ ಬರೆಸಿಬಿಡಿ, ಇಲ್ಲಾಂದ್ರೆ ಇನ್ನೊಂದು ಸಭೆ ಕರೆಯೋ ಹಾಗಾಗುತ್ತೆ. ಒಂದು ಎಚ್ಚರಿಕೆ, ಅವಿಭಾಜ್ಯ ಪಾಲಿನ ಶೇಕಡಾವಾರು ಬದಲಾಯಿಸೋಕೆ ಎಲ್ಲಾ ಓನರ್‌ಗಳ ಒಪ್ಪಿಗೆ ಬೇಕು, ಅದನ್ನ ಈ ತಿದ್ದುಪಡಿ ಜತೆ ಸೇರಿಸ್ಬೇಡಿ, ಒಬ್ಬರು ಒಲ್ಲೆ ಅಂದ್ರೂ ಉಳಿದದ್ದೂ ಅಲ್ಲೇ ನಿಂತ್ಕೊಳ್ಳುತ್ತೆ.

ಡ್ರಾಫ್ಟ್ ಬಗ್ಗೆ ಹೇಳಲೇಬೇಕು. ಇಂಟರ್‌ನೆಟ್‌ನಲ್ಲಿ ಸಿಗೋ ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿ ಬೈಲಾ ಇಳಿಸ್ಕೊಂಡು ಊರ ಹೆಸರು ಮಾತ್ರ ಬದಲಾಯಿಸೋರು ತುಂಬಾ ಜನ. ಅದು ಸಹಕಾರ ಸಂಘಗಳಿಗೆ ಬರೆದದ್ದು, ಕಾನೂನೂ ಬೇರೆ ರಾಜ್ಯದ್ದು. "ರೆಡಿಮೇಡ್ ಬೈಲಾ ಪ್ಯಾಕೇಜ್" ಮಾರೋರಿಂದಲೂ ದೂರ ಇರಿ, ನಿಮ್ಮ ಡಿಕ್ಲರೇಷನ್ ಓದದೇ ಬರೆದ ಬೈಲಾ ಕಾಸಿಗೂ ಪ್ರಯೋಜನ ಇಲ್ಲ.

ಕೊನೇದು ಬಾಕಿ ವಸೂಲಿ. ಬಾಕಿ ಇಟ್ಟವರ ನೀರು ಕಟ್ ಮಾಡೋ ರೂಲು ದಯವಿಟ್ಟು ಬರೀಬೇಡಿ, ಮನೇಲಿ ಮಕ್ಕಳು ವಯಸ್ಸಾದವರು ಇರ್ತಾರೆ. ಕಾಯ್ದೆಯಲ್ಲೇ ಗಟ್ಟಿ ದಾರಿ ಇದೆ: ಕಟ್ಟದ ಕಾಮನ್ ಖರ್ಚು ಆ ಫ್ಲ್ಯಾಟಿನ ಮೇಲೇ ಋಣಭಾರ ಆಗುತ್ತೆ, ಸರ್ಕಾರಿ ತೆರಿಗೆ ಮತ್ತೆ ಮೊದಲ ಅಡಮಾನ ಬಿಟ್ರೆ ಉಳಿದ ಸಾಲಗಳಿಗಿಂತ ಮುಂದೆ ನಿಲ್ಲುತ್ತೆ. ಫ್ಲ್ಯಾಟ್ ಮಾರಿದ್ರೆ ಹಳೇ ಬಾಕಿಗೆ ಕೊಂಡವರೂ ಜವಾಬ್ದಾರರು, ಹಾಗಾಗಿ ರೀಸೇಲ್ ಫ್ಲ್ಯಾಟ್ ತಗೊಳ್ಳೋರು ಅಡ್ವಾನ್ಸ್ ಕೊಡೋ ಮುಂಚೆ ಕಾರ್ಯದರ್ಶಿ ಹತ್ರ ಬಾಕಿ ಎಷ್ಟಿದೆ ಅಂತ ಸಹಿ ಹಾಕಿದ ಪತ್ರ ಬರೆಸಿಕೊಳ್ಳಿ, ಬಾಯಿಮಾತಲ್ಲಿ "ಏನೂ ಇಲ್ಲ" ಅಂದ್ರೆ ಒಪ್ಕೋಬೇಡಿ.