ಡೇಟ್ ಮುಗಿದ ಫಿಲ್ಮ್ ರೋಲ್: ಎತ್ತಿಡುವುದು ಹೇಗೆ, ಬಳಸುವುದು ಹೇಗೆ?

ಅಟ್ಟ ಗುಡಿಸುವಾಗಲೋ, ಬಾಗಿಲು ಹಾಕಿದ ಸ್ಟುಡಿಯೊದ ಕಪಾಟು ಖಾಲಿ ಮಾಡುವಾಗಲೋ ಹಳೇ ಫಿಲ್ಮ್ ರೋಲ್‌ಗಳು ಈಗಲೂ ಸಿಗುತ್ತವೆ. ಪೊಟ್ಟಣದ ಮೇಲೆ 2003 ಅಂತಲೋ 2007 ಅಂತಲೋ ಇರುತ್ತದೆ. ಎಸೆಯಬೇಡಿ. ಹಾಲಿನ ಪ್ಯಾಕೆಟ್ಟಿನ ಹಾಗೆ ಡೇಟ್ ದಾಟಿದ ಮರುದಿನವೇ ಫಿಲ್ಮ್ ಕೆಡುವುದಿಲ್ಲ. ಸರಿಯಾಗಿ ಇಟ್ಟರೆ ಅಲ್ಲಿಯವರೆಗೆ ಗ್ಯಾರಂಟಿ ಅಂತ ಕಂಪನಿ ಹೇಳಿದೆ, ಅಷ್ಟೇ. ಆಮೇಲಿನದು ಅದನ್ನು ಎಲ್ಲಿ ಇಟ್ಟಿದ್ದರು ಎಂಬುದರ ಮೇಲೆ ನಿಂತಿದೆ.

ಮೊದಲು ವಿಚಾರಿಸಿ

ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ, ‘ಇಷ್ಟು ದಿನ ಎಲ್ಲಿಟ್ಟಿದ್ರಿ?’ ಇಪ್ಪತ್ತು ವರ್ಷ ಫ್ರಿಜ್‌ನಲ್ಲಿದ್ದ ರೋಲ್, ಕಲಬುರಗಿಯ ತಗಡಿನ ಮನೆಯಲ್ಲಿ ಐದು ಬೇಸಿಗೆ ಕಳೆದ ರೋಲ್‌ಗಿಂತ ಚೆನ್ನಾಗಿರಬಹುದು. ಫಿಲ್ಮ್ ಮೇಲಿರುವುದು ಜೆಲಟಿನ್‌ನಲ್ಲಿ ಹುದುಗಿದ ಬೆಳ್ಳಿ ಲವಣದ ಹರಳುಗಳು. ಬಿಸಿಗೆ ಸಿಕ್ಕಿದರೆ ಬೆಳಕು ಬೀಳದ ಹರಳುಗಳೂ ಡೆವಲಪರ್‌ನಲ್ಲಿ, ಅಂದರೆ ಫಿಲ್ಮ್ ತೊಳೆಯುವ ರಾಸಾಯನಿಕದಲ್ಲಿ, ಕಪ್ಪಾಗುತ್ತವೆ. ಇದನ್ನೇ ಫಾಗ್ ಅನ್ನುವುದು. ಕಲರ್ ಫಿಲ್ಮ್‌ನಲ್ಲಿ ಬಣ್ಣದ ಪದರಗಳು ಮೂರು. ಮೂರೂ ಒಂದೇ ವೇಗದಲ್ಲಿ ಹಳತಾಗುವುದಿಲ್ಲ. ಅದಕ್ಕೇ ಹಳೇ ರೋಲ್‌ನ ಚಿತ್ರ ಒಂದು ಕಡೆ ಹಸಿರು, ಇನ್ನೊಂದು ಕಡೆ ನೇರಳೆ ತಿರುಗುವುದು.

ಹೆಚ್ಚು ಬಾಳುವುದು ಕಪ್ಪು-ಬಿಳುಪು ಫಿಲ್ಮ್, ಅದರಲ್ಲೂ ಐಎಸ್‌ಒ (ಬೆಳಕಿಗೆ ಫಿಲ್ಮ್ ಎಷ್ಟು ಚುರುಕು ಅಂತ ಹೇಳುವ ಸಂಖ್ಯೆ, ಅದರ ಸ್ಪೀಡ್) ಕಡಿಮೆ ಇರುವುದು. ಐಎಸ್‌ಒ 1600, 3200ರ ಹಳೇ ರೋಲ್ ಪುಕ್ಕಟೆ ಕೊಟ್ಟರೂ ಯೋಚನೆ ಮಾಡಿ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಫ್ರೀಜರ್‌ನಲ್ಲಿಟ್ಟರೂ ಅವನ್ನು ಬಿಡುವುದಿಲ್ಲ.

ಯಾವ ಪ್ರೊಸೆಸ್ ಅಂತ ಓದಿ

ಪ್ರೊಸೆಸ್ ಅಂದರೆ ತೊಳೆಯುವ ವಿಧಾನ. ರೋಲ್ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಸಿ-41 ಅಂತಿದ್ದರೆ ಮಾಮೂಲಿ ಕಲರ್ ನೆಗೆಟಿವ್, ಚಿಂತೆಯಿಲ್ಲ. ಇ-6 ಅಂದರೆ ಸ್ಲೈಡ್, ನೆಗೆಟಿವ್ ಇಲ್ಲದೆ ಫಿಲ್ಮ್ ಮೇಲೇ ನೇರ ಚಿತ್ರ ಬರುವಂಥದ್ದು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ಕಪ್ಪು-ಬಿಳುಪು ರೋಲ್ ಸಿಕ್ಕಿದರೆ ಯಾವ ಸಾಧಾರಣ ಕಪ್ಪು-ಬಿಳುಪು ಡೆವಲಪರ್‌ನಲ್ಲಾದರೂ ತೊಳೆಯಬಹುದು. ಕೊಡಕ್ ಕಂಪನಿಯ ಹಳೇ ಸ್ಲೈಡ್ ಫಿಲ್ಮ್ ಕೊಡಕ್ರೋಮ್ ಸಿಕ್ಕಿದರೆ ಬಣ್ಣದ ಆಸೆ ಬಿಡಿ. ಅದನ್ನು ತೊಳೆಯುತ್ತಿದ್ದ ಕೊನೆಯ ಲ್ಯಾಬ್ ಅಮೆರಿಕದ ಕಾನ್ಸಾಸ್‌ನಲ್ಲಿತ್ತು. 2010ರ ಕೊನೆಗೆ ಅದೂ ರೋಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಈಗ ಕಪ್ಪು-ಬಿಳುಪಾಗಿ ಮಾತ್ರ ತೊಳೆಸಬಹುದು. ಸಿ-22 ಅಂತಿರುವ ತೀರಾ ಹಳೇ ಕಲರ್ ರೋಲನ್ನು ಸಿ-41 ಮೆಷಿನ್‌ಗೆ ಹಾಕಿಸಲೇಬೇಡಿ. ಅಲ್ಲಿನ 38 ಡಿಗ್ರಿ ಬಿಸಿಗೆ ಮೇಲಿನ ಲೇಪ ಕಿತ್ತು ಬರಬಹುದು, ಪಕ್ಕದವರ ಫಿಲ್ಮೂ ಹಾಳು.

ಫ್ರಿಜ್‌ನಲ್ಲಿ ಜಾಗ ಮಾಡಿ

ಕಂಪನಿಯ ಪ್ಯಾಕಿಂಗ್ ಒಡೆಯಬೇಡಿ. ರೋಲ್‌ಗಳನ್ನು ಜಿಪ್ ಕವರ್‌ಗೆ ಹಾಕಿ, ಗಾಳಿ ಒತ್ತಿ ತೆಗೆದು, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ. ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣ ಇರಲಿ. ಮಂಗಳೂರು, ಕಾರವಾರದ ಕಡೆಯವರು ಇದನ್ನು ಮರೆಯುವಂತಿಲ್ಲ, ತೇವಕ್ಕೆ ಬೂಷ್ಟು ಹಿಡಿಯುತ್ತದೆ. 13 ಡಿಗ್ರಿಗಿಂತ ಕೆಳಗಿದ್ದರೆ ಕೆಲವು ತಿಂಗಳಿಗೆ ಸಾಕು. ವರ್ಷಗಟ್ಟಲೆ ಇಡುವುದಾದರೆ ಫ್ರೀಜರ್. ತೆಗೆದ ಕೂಡಲೇ ಚಿತ್ರ ಕೊಡುವ ಇನ್‌ಸ್ಟಂಟ್ ಫಿಲ್ಮ್ ಮಾತ್ರ ಫ್ರೀಜರ್‌ಗೆ ಬೇಡ, ಒಳಗಿನ ರಾಸಾಯನಿಕ ಹೆಪ್ಪುಗಟ್ಟಿದರೆ ಮುಗೀತು.

ಹೊರಗೆ ತೆಗೆದ ಕೂಡಲೇ ಡಬ್ಬಿ ಬಿಚ್ಚಬೇಡಿ. ತಣ್ಣಗಿನ ಫಿಲ್ಮ್ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಫ್ರಿಜ್‌ನದಾದರೆ ಒಂದೆರಡು ಗಂಟೆ, ಫ್ರೀಜರ್‌ನದಾದರೆ ಹಿಂದಿನ ರಾತ್ರಿಯೇ ತೆಗೆದಿಡಿ.

ಬೆಳಕು ಜಾಸ್ತಿ ಕೊಡಿ

ಕಲರ್ ನೆಗೆಟಿವ್‌ಗೆ ಎಲ್ಲರೂ ಹೇಳುವ ಲೆಕ್ಕ ಒಂದಿದೆ: ಡೇಟ್ ಮುಗಿದ ಪ್ರತಿ ಹತ್ತು ವರ್ಷಕ್ಕೆ ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕು. 2005ಕ್ಕೆ ಮುಗಿದ ಐಎಸ್‌ಒ 200ರ ರೋಲ್ ಅಂತಿಟ್ಟುಕೊಳ್ಳಿ. ಇಪ್ಪತ್ತು ವರ್ಷಕ್ಕೆ ಎರಡು ಸ್ಟಾಪ್. ಹಾಗಾಗಿ ಬೆಳಕು ಅಳೆಯುವ ಮೀಟರ್‌ನಲ್ಲಿ ಐಎಸ್‌ಒ 50 ಇಡಿ. ಸುಡುಬಿಸಿಲಲ್ಲಿ ಲೆನ್ಸ್‌ನ ಕಿಂಡಿ ಎಫ್8, ಶಟರ್ ಸೆಕೆಂಡಿನ 250ನೇ ಒಂದು ಭಾಗ ಸರಿಹೋಗುತ್ತದೆ. ಫ್ರಿಜ್‌ನಲ್ಲೇ ಇದ್ದದ್ದಾದರೆ, ಅಥವಾ ಕಪ್ಪು-ಬಿಳುಪಾದರೆ, ಇದರ ಅರ್ಧದಷ್ಟು ಸ್ಟಾಪ್ ಸಾಕು. ಅನುಮಾನ ಬಂದರೆ ಬೆಳಕು ಜಾಸ್ತಿಯಾಗುವ ಕಡೆಗೇ ತಪ್ಪಿ, ನೆಗೆಟಿವ್ ತಡೆದುಕೊಳ್ಳುತ್ತದೆ. ಸ್ಲೈಡ್ ತಡೆಯುವುದಿಲ್ಲ. ಅದಕ್ಕೆ ಡಬ್ಬದ ಮೇಲಿನ ಐಎಸ್‌ಒ ಬಿಟ್ಟು ಹೆಚ್ಚು ದೂರ ಹೋಗಬೇಡಿ.

ಐಎಸ್‌ಒ ಬದಲಿಸಲು ಬಿಡದ ಸಣ್ಣ ಆಟೊಮ್ಯಾಟಿಕ್ ಕ್ಯಾಮೆರಾ ಇದೆಯಾ? ರೋಲ್‌ನ ಮೈ ಮೇಲೆ ಕಪ್ಪು-ಬೆಳ್ಳಿ ಚೌಕಗಳು ಕಾಣುತ್ತವೆ ನೋಡಿ. ಅದು ಡಿಎಕ್ಸ್ ಕೋಡ್. ಕ್ಯಾಮೆರಾದೊಳಗಿನ ಸಣ್ಣ ಪಿನ್‌ಗಳು ಅದನ್ನು ಮುಟ್ಟಿ ಐಎಸ್‌ಒ ತಿಳಿಯುತ್ತವೆ. ಚೌಕಗಳ ಮೇಲೆ ಇನ್ಸುಲೇಶನ್ ಟೇಪ್ ಅಂಟಿಸಿದರೆ ಹೆಚ್ಚಿನ ಕ್ಯಾಮೆರಾಗಳು ಐಎಸ್‌ಒ 100 ಅಂದುಕೊಳ್ಳುತ್ತವೆ. 400ರ ರೋಲ್‌ಗೆ ಸುಮ್ನೆ ಎರಡು ಸ್ಟಾಪ್ ಸಿಕ್ಕಿತು. ಟೇಪಿನ ಅಂಚು ಮಾತ್ರ ಏಳದಂತೆ ಒತ್ತಿರಬೇಕು.

ಒಂದೇ ಥರದ ನಾಲ್ಕೈದು ರೋಲ್ ಇದ್ದರೆ ಒಂದನ್ನು ಪರೀಕ್ಷೆಗೆ ಬಲಿ ಕೊಡಿ. ಒಂದೇ ದೃಶ್ಯವನ್ನು ಐಎಸ್‌ಒ 200, 100, 50, 25ರಲ್ಲಿ ತೆಗೆದು, ಯಾವುದಕ್ಕೆ ಯಾವುದು ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ತೊಳೆಸಿದಾಗ ಯಾವ ಐಎಸ್‌ಒ ಚೆನ್ನಾಗಿ ಬಂತೋ, ಉಳಿದ ರೋಲ್‌ಗಳಿಗೆ ಅದೇ ದಾರಿ. ಮದುವೆ, ನಾಮಕರಣಕ್ಕೆ ಹಳೇ ರೋಲ್ ನಂಬಿ ಹೋಗಬೇಡಿ. ಮುಗಿದ ಮೇಲೆ ನಿಧಾನಕ್ಕೆ ಸುತ್ತಿ, ಹಳೇ ಫಿಲ್ಮ್ ಹರಿಯುವುದುಂಟು.

ಲ್ಯಾಬ್‌ಗೆ ಕೊಡುವಾಗ

ತೆಗೆದ ಚಿತ್ರವೂ ಒಳಗೇ ಮಸುಕಾಗುತ್ತಾ ಹೋಗುತ್ತದೆ, ಬೇಗ ತೊಳೆಸಿ. ಪುಶ್ ಮಾಡಿ, ಅಂದರೆ ಹೆಚ್ಚು ಹೊತ್ತು ಡೆವಲಪ್ ಮಾಡಿ, ಅನ್ನಬೇಡಿ. ಡೆವಲಪರ್‌ನಲ್ಲಿ ಹೆಚ್ಚು ಹೊತ್ತಿದ್ದರೆ ಫಾಗ್ ಕೂಡ ಏರುತ್ತದೆ. ಮನೆಯಲ್ಲೇ ಕಪ್ಪು-ಬಿಳುಪು ತೊಳೆಯುವವರು ಡೆವಲಪರ್‌ಗೆ ಸ್ವಲ್ಪ ಬೆಂಜೊಟ್ರಯಜೋಲ್ ಸೇರಿಸಿದರೆ ಫಾಗ್ ತಗ್ಗುತ್ತದೆ, ಆದರೆ ಫಿಲ್ಮಿನ ಸ್ಪೀಡೂ ಒಂದಿಷ್ಟು ಇಳಿಯುತ್ತದೆ.

ಬಣ್ಣ ತೀರಾ ಕೆಟ್ಟಿದ್ದರೆ ಸ್ಕ್ಯಾನ್ ಆದ ಮೇಲೆ ಕಪ್ಪು-ಬಿಳುಪಿಗೆ ತಿರುಗಿಸಿಕೊಳ್ಳಿ, ಎಷ್ಟೋ ಚಿತ್ರ ಹೀಗೇ ಉಳಿಯುತ್ತವೆ. ನೆಗೆಟಿವ್ ವಾಪಸ್ ಕೇಳಿ ಪಡೆಯಿರಿ. ಮೊದಲ ಸ್ಕ್ಯಾನ್ ಮಂಕಾಗಿ ಬಂದರೂ ಕೈಯಲ್ಲಿ ಬಣ್ಣ ಸರಿಮಾಡುತ್ತಾ ಇನ್ನೊಮ್ಮೆ ಮಾಡಿದಾಗ ಎಷ್ಟೋ ವಿವರ ಎದ್ದು ಬರುತ್ತದೆ.